ಗುಡ್ಡ ಅಡ್ಡ ಮಲಗಿದ್ದು

“ಅಂಗಳಕ್ಕೆ ಹಾರೆ ಹಾಕುದಾರೆ ಮೊದ್ಲ್ ನನ್ ಹೊಟ್ಟಿ ಮೇಲ್ ಹಾಕಿ!” ಎಂದು ಕೂಗಿದ ಗುಡ್ಡ, ಮೀನು ಒಣಗಿಸಲೆಂದೇ ಮಾಡಿಸಿದ ಹೊಸ ಸಿಮೆಂಟ್ ಅಂಗಳದಲ್ಲಿ ಅಂಗಾತ ಮಲಗಿಯೇಬಿಟ್ಟ. ಹಿಂದೊಮ್ಮೆ ಕೇಬಲ್ಲಿನವರು ಅಗೆದು ಮುಚ್ಚದೆ ಹೋದ ಹೊಂಡಕ್ಕೆ ಬಂಗುಡೆ ಬುಟ್ಟಿ ಸಮೇತ ಬಿದ್ದವನು, ಈ ಸಲ ನೀರಿನ ಪೈಪಿನವರನ್ನು ಸುಮ್ಮನೆ ಬಿಡುವವನಲ್ಲ. ಹೆಮ್ಮಾಡಿಯ ಆ ಕೇರಿಗೆ ಕೇರಿಯೇ ಬೇಲಿಯಾಚೆ ನಿಂತು ನೋಡುತ್ತಿತ್ತು.

“ಹ್ವಾಯ್ ಗುಡ್ಡಣ್ಣ, ನಾವ್ ಅಗೂದೇ ಇಲ್ಲೆ. ಆಚೆ ರಸ್ತಿ ಬದಿಯಂಗೆ ಹೊಕ್ಕದ್ ರಾಡ್ ಮಣ್ಣಡಿಯಂಗೇ ಕೊರ್ಕಂಡ್ ಬತ್ತ್, ಅದ್ರ ಹಿಂದೆ ಪೈಪ್ ಎಳೂದ್,” ಎಂದ ಪೈಪಿನವರ ಕಡೆಯ ಅನೂಪ್. ರಾಡಿನ ತುದಿ ನೆಲದಡಿ ಎಲ್ಲಿದೆಯೆಂದು ಮೇಲಿನಿಂದಲೇ ಹೇಳುವ ಹಳದಿ ಯಂತ್ರ ಅವನ ಕೈಯಲ್ಲಿತ್ತು.

“ಎಂತ, ನಿಮ್ ರಾಡ್ ಹೆಗ್ಗಣವಾ?” ಎಂದು ಗುಡ್ಡ ಮಲಗಿದಲ್ಲೇ ನಕ್ಕ. ಅಷ್ಟರಲ್ಲಿ ಬೆನ್ನಿನಡಿಯ ನೆಲ ಗುರ್ರೆಂದಿತು. ಎದ್ದು ಓಡೋಣವೆಂದರೆ ಬೇಲಿಯಾಚೆ ಕೇರಿ, ಈಚೆ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಡತಿ ಪದ್ದು. ಮಾನ ಅವನನ್ನು ಅಲ್ಲೇ ಒತ್ತಿ ಹಿಡಿಯಿತು.

ಯಂತ್ರ ನೋಡುತ್ತ ನೋಡುತ್ತ ಬಂದ ಅನೂಪ್ ಸೀದಾ ಗುಡ್ಡನ ಪಕ್ಕದಲ್ಲೇ ನಿಂತ. “ರಾಡ್ ಇಲ್ಲೇ ಕೆಳ್ಗಿತ್ತ್. ಹಂದ್ಬೇಡಿ, ಅಲ್ಲಾಡ್ದೆ ಉಸ್ರ್ ಹಿಡ್ಕಣಿ,” ಎನ್ನುತ್ತ ಅದನ್ನು ಅವನ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಗುಡ್ಡ ಉಸಿರು ಕಟ್ಟಿ ಕಣ್ಣು ಮುಚ್ಚಿದ. ಯಂತ್ರ ಕುಂಯ್‌ಗುಟ್ಟಿತು. ಅನೂಪ್ ಅದರ ಪರದೆ ನೋಡಿ ಹುಬ್ಬು ಗಂಟಿಕ್ಕಿದ.

ಗುಡ್ಡ ಒಂದೇ ಕಣ್ಣು ತೆರೆದು, ಪದ್ದುವಿಗೆ ಕೇಳದ ಹಾಗೆ ಪಿಸುಗುಟ್ಟಿದ: “ಎಂತ ಡಾಕ್ಟ್ರೇ... ಗಾಬ್ರಿ ಎಂತದೂ ಇಲ್ಲೆ ಅಲ್ದಾ?”