'ಸಂಸ್ಕೃತಿ' ಮುಗಿದ ತಿಂಗಳು

ನರಹರಿರಾಯರ ಬಳಿ 'ಸಂಸ್ಕೃತಿ' ಎಂಬ ಪದ ಒಂದೂ ಉಳಿದಿರಲಿಲ್ಲ. ಪ್ರತಿ ಪದವೂ ವರ್ಷಕ್ಕೆ ಇಂತಿಷ್ಟೇ ಎಂದು ಯುಗಾದಿಗೆ ಎಲ್ಲರಿಗೂ ಎಣಿಸಿ ಕೊಡುತ್ತಿದ್ದರು. ರಾಯರು ತಮ್ಮ ಪಾಲಿನ 'ಸಂಸ್ಕೃತಿ'ಯಲ್ಲಿ ಅರ್ಧವನ್ನು ಹರಿದ ಜೀನ್ಸನ್ನು ಬೈಯಲು, ಇನ್ನರ್ಧವನ್ನು ಬಿಸಿಯೂಟದ ಮೊಟ್ಟೆಯನ್ನು ಬೈಯಲು ಬರೆದು ಮುಗಿಸಿದ್ದರು. ಈಗಿನ್ನೂ ಆಷಾಢ. ಅವರ ಮಾಸಪತ್ರಿಕೆ 'ಹಳೇಬೇರು' ಸಂಜೆ ಅಚ್ಚಿಗೆ ಹೋಗಬೇಕು. 'ಓದಿದ ಹೆಣ್ಣು ಮನೆ ಮುರಿಯುತ್ತಾಳೆ' ಲೇಖನದ ಎರಡನೇ ಕಂತು ಮೊದಲ ಸಾಲಿನಲ್ಲೇ ನಿಂತಿತ್ತು. 'ಸಂಸ್ಕೃತಿ' ಎಂದು ಬರೆಯಹೋದರೆ ಪೆನ್ನಿನಿಂದ ಶಾಯಿ ಇಳಿಯುತ್ತಿರಲಿಲ್ಲ.

ಪತ್ರಿಕೆಯ ಪುಟ ಜೋಡಿಸುತ್ತಿದ್ದವಳು ಎಂ.ಎ. ಓದಿದ ಮಗಳು ಸುಮೇಧಾ.

"ನಿನ್ನ ಪಾಲಿಂದು ಸ್ವಲ್ಪ ಕೊಡೇ," ಎಂದರು ರಾಯರು.

"ಪೂರ್ತಿ ತಗೊಳ್ಳಿ ಅಪ್ಪ, ನಾನು ಒಂದೂ ಮುಟ್ಟಿಲ್ಲ. ಬದಲಿಗೆ ನಿಮ್ಮದೊಂದು 'ತಪ್ಪಾಯ್ತು' ಕೊಡಿ. ಅದು ಪ್ರತಿವರ್ಷ ಖರ್ಚಾಗದೆ ಹಾಗೇ ವಾಪಸ್ ಹೋಗುತ್ತೆ ಅಂತ ಅಮ್ಮ ಹೇಳ್ತಿರ್ತಾರೆ."

"ಯಾವುದಕ್ಕೆ?"

"ಹೋದ ತಿಂಗಳ ಕಂತಿಗೆ. ಅದನ್ನೂ ನಾನೇ ಜೋಡಿಸಿದ್ದು."

ರಾಯರು ಕನ್ನಡಕ ತೆಗೆದು ಒರೆಸಿದರು. ಆ ಕಂತಿನ ಕಾಗುಣಿತ ತಿದ್ದಿದವಳೂ ಇವಳೇ.

"ತಪ್ಪಾಯ್ತಮ್ಮ," ಎಂದರು. ಪದ ಹೊಸ ಚಪ್ಪಲಿಯ ಹಾಗೆ ಕಿರುಗುಟ್ಟಿತು.

ಪೆನ್ನಿನಿಂದ ಶಾಯಿ ಇಳಿಯಿತು. ರಾಯರು 'ನಮ್ಮ ಸಂಸ್ಕೃತಿ' ಎಂದು ಬರೆದು, ಮುಂದೇನೂ ತೋಚದೆ ಕೂತರು.

"ಯಾಕಪ್ಪ, ಪದ ಸಾಲಲಿಲ್ವಾ?"

"ಪದ ಬೇಕಾದಷ್ಟಿದೆ ಕಣೇ, ಹೇಳೋದಕ್ಕೇ ಏನೂ ಉಳಿದಿಲ್ಲ. ಆ ಜಾಗಕ್ಕೆ ನಿಮ್ಮಮ್ಮನ ಹಲಸಿನ ಹಪ್ಪಳ ಮಾಡೋ ವಿಧಾನ ಹಾಕು."

ಆ ಸಂಚಿಕೆಯಿಂದ ರಾಯರಿಗಾದ ನಷ್ಟ: ಒಂದು 'ತಪ್ಪಾಯ್ತು', ಒಂದು 'ಸಂಸ್ಕೃತಿ', ಒಂಬತ್ತು ಚಂದಾದಾರರು.