ಹಿಂದೆ ನಿಂತು ಕೇಳಿದವರು

ಸ್ನಾನದ ಮನೆಯ ಕಸದ ಬುಟ್ಟಿಯಲ್ಲಿ ಕೂದಲಿತ್ತು. ಉದುರಿದ್ದಲ್ಲ, ಕತ್ತರಿಸಿದ್ದು. ಬೆರಳುದ್ದದ ಗುಂಗುರು, ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಮಡಚಿ ಅಡಗಿಸಿದ್ದು.

ಅವಳು ಹಾಳೆ ಬಿಡಿಸಿದಳು. ಒಂಬತ್ತು ವರ್ಷದ ಮಗಳ ದುಂಡು ಅಕ್ಷರ. ನಾಲ್ಕು ಪ್ರಶ್ನೆಗಳು. ಪ್ರತಿಯೊಂದರ ಕೆಳಗೂ ಒಂದು ಸಾಲು ಖಾಲಿ.

ಇದೇನು ಕೂದಲಾ, ತಂತಿ ಸುರುಳಿನಾ?

ಈ ತಲೆ ಹೊತ್ಕೊಂಡು ಹೊರಗೆ ಹೋಗ್ತೀಯಾ?

ಒಂದು ದಿನಾನಾದ್ರೂ ಹೇಳಿದ ಮಾತು ಕೇಳುತ್ತಾ ಇದು?

ಯಾರ ಥರ ಹುಟ್ಟಿದ್ಯೇ ನೀನು?

ಅವಳ ಮೈ ಉರಿದುಹೋಯಿತು.

ಪ್ರಕಾಶನವೊಂದರಲ್ಲಿ ಕರಡು ತಿದ್ದುವುದು ಅವಳ ಕೆಲಸ. ಹೆಸರಿಲ್ಲದ ಬರಹ ಕೊಟ್ಟರೂ ಎರಡು ಸಾಲು ಓದಿ ಯಾರದೆಂದು ಹೇಳಬಲ್ಲಳು. ಕಚೇರಿಯಲ್ಲಿ ಅವಳಿಗೆ ‘ಪತ್ತೇದಾರಿ’ ಎಂದೇ ಹೆಸರು. ಈ ಹಾಳೆಯನ್ನೂ ಅದೇ ಕಣ್ಣಿನಿಂದ ಓದಿದಳು. ಮಕ್ಕಳ ಮಾತಲ್ಲ ಇದು. ಆಡಿ ಆಡಿ ಸವೆದು ನುಣುಪಾದ ಮಾತು. ದೊಡ್ಡವರದು. ಹೆಂಗಸಿನದು.

ಮಗಳು ಮನೆಯೊಳಗೇ ಟೋಪಿ ಹಾಕಿಕೊಂಡು ಲೆಕ್ಕ ಮಾಡುತ್ತ ಕೂತಿದ್ದಳು.

“ಯಾರು ಇದನ್ನೆಲ್ಲ ಕೇಳೋದು?”

ಮಗಳು ಹಾಳೆ ನೋಡಿದಳು. ಪೆನ್ಸಿಲಿನ ತುದಿ ಕಚ್ಚಿದಳು.

“ದೊಡ್ಡವರಾ?”

“ಹೂಂ.”

“ದಿನಾ ಕೇಳ್ತಾರಾ?”

“ಸ್ಕೂಲ್ ಇರೋ ದಿನ.”

“ಎದುರಿಗೇ ನಿಂತಾ?”

“ಇಲ್ಲ. ನಾನು ಕೂತಿರ್ತೀನಿ. ಹಿಂದೆ ನಿಂತ್ಕೊಂಡು ಕೇಳ್ತಾರೆ.”

“ಯಾರು ಅಂತ ಹೇಳು.”

“ಬೇಡಮ್ಮ. ಅವರು ಒಳ್ಳೆಯವರೇ. ನಗ್ತಾ ನಗ್ತಾ ಕೇಳ್ತಾರೆ.”

ಅದೇ ಅವಳಿಗೆ ತಡೆಯದಾದದ್ದು. ಕಾಲೇಜಿನಲ್ಲಿ ಮೇಷ್ಟ್ರೊಬ್ಬರು ಅವಳ ಕೂದಲಿಗೆ ಪೆನ್ನು ಸಿಕ್ಕಿಸಿ, “ನಿಂತಿತಲ್ಲ!” ಎಂದಿದ್ದರು. ಅವರೂ ನಗುತ್ತಲೇ ಅಂದದ್ದು. ತರಗತಿಯೂ ನಕ್ಕಿತು. ಅವಳೂ ನಕ್ಕಿದ್ದಳು. ಆ ನಗುವಿಗೆ ಇಷ್ಟು ವರ್ಷವಾದರೂ ತನ್ನನ್ನು ಕ್ಷಮಿಸಿಕೊಂಡಿರಲಿಲ್ಲ.

“ಸರಿ, ಆದ್ರೆ ಕತ್ತರಿ ಯಾಕೆ ಮುಟ್ಟಿದೆ?”

“ನಾಳೆ ಕ್ಲಾಸ್ ಫೋಟೋ. ಪೂರ್ತಿ ತೆಗೆದ್ರೆ ಯಾರೂ ಏನೂ ಕೇಳಲ್ಲ. ಒಂದೇ ಕಡೆ ಆಯ್ತು. ಉಳಿದಿದ್ದು ನೀನು ತೆಗೀತೀಯಾ?”

ಅವಳು ಕತ್ತರಿಯನ್ನು ಬೀರುವಿನ ಮೇಲೆ ಎಸೆದು ಕ್ಲಾಸ್ ಟೀಚರಿಗೆ ಫೋನ್ ಮಾಡಿದಳು. ಮಾತನ್ನು ತೂಗಿ ಆಡುವವಳು ಅಂದು ತೂಗಲಿಲ್ಲ.

“ನನ್ನ ಕ್ಲಾಸಲ್ಲಿ ಅವಳ ಕೂದಲಿನ ಸುದ್ದಿ ಯಾರೂ ಎತ್ತಿಲ್ಲ, ನೋಡಿ,” ಎಂದರು ಟೀಚರ್.

“ಹಾಗಾದ್ರೆ ಗೋಡೆ ಕೇಳಿತಾ?”

ಟೀಚರ್ ದನಿ ತಗ್ಗಿಸಿದರು. “ಬೆಳಿಗ್ಗೆ ಬರುವಾಗಲೇ ಮಗುವಿನ ಕಣ್ಣು ಕೆಂಪಗಿರುತ್ತೆ. ನಾನೂ ಕೇಳಿ ನೋಡಿದೆ. ಬಾಯಿ ಬಿಡಲಿಲ್ಲ.”

ಬರುವಾಗಲೇ. ಅವಳಿಗೆ ಹೊಳೆಯಿತು. ಶಾಲೆಯ ವ್ಯಾನಿನ ಆಯಾ! ಮಕ್ಕಳು ಕೂತಿರುತ್ತಾರೆ, ಆಕೆ ಹಿಂದೆ ಕಂಬಿ ಹಿಡಿದು ನಿಂತಿರುತ್ತಾಳೆ. ಎಲ್ಲರನ್ನೂ ಮಾತಾಡಿಸುವ, ಎಲ್ಲದಕ್ಕೂ ನಗುವ ಹೆಂಗಸು.

ಅವಳು ಕೆಂಪು ಪೆನ್ನು ತೆಗೆದುಕೊಂಡು ಮಗಳ ಪಕ್ಕ ಕೂತಳು. ಖಾಲಿ ಸಾಲುಗಳನ್ನು ಒಂದೊಂದಾಗಿ ತುಂಬಿದಳು.

ಕೂದಲು. ನಿಮಗೆ ಕಣ್ಣು ಕಾಣಲ್ವಾ?

ಹೋಗ್ತೀನಿ. ತಲೆ ಇರೋದೇ ಹೊತ್ಕೊಂಡು ಹೋಗೋಕೆ.

ಕೂದಲಿಗೆ ಕಿವಿ ಇಲ್ಲ. ನಿಮಗಿದೆಯಲ್ಲ, ಸುಮ್ನಿರಿ ಅಂತಿದ್ದೀನಿ.

ಮಗಳು ಕಿಸಕ್ಕನೆ ನಕ್ಕಳು. ನಾಲ್ಕನೆಯದರಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಬೆಳಿಗ್ಗೆ ಇಪ್ಪತ್ತು ನಿಮಿಷ ಸ್ಟ್ರೈಟ್ನರ್ ಹಿಡಿದು ನೇರ ಮಾಡಿದ್ದ ತನ್ನ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಆಮೇಲೆ ಹಾಳೆ ಹರಿಯುವಷ್ಟು ಒತ್ತಿ ಬರೆದಳು:

ನಮ್ಮಮ್ಮನ ಥರ. ಏನೀಗ?

ಮಗಳು ನಾಲ್ಕನ್ನೂ ಬಾಯಿಪಾಠ ಮಾಡಿದಳು. ‘ನಿಮಗೆ’ ಎಂದಿದ್ದ ಕಡೆಯಲ್ಲೆಲ್ಲ ‘ನಿನಗೆ’ ಎಂದು ಬದಲಿಸಿಕೊಂಡಳು. ಸಿಟ್ಟಿನಲ್ಲಿ ಮರ್ಯಾದೆ ಬಿಟ್ಟಿದೆ ಮಗು, ಬಿಡಲಿ, ಎಂದುಕೊಂಡಳು ಅವಳು. ಜೀವನದಲ್ಲಿ ಮೊದಲ ಬಾರಿಗೆ ಒಂದು ತಪ್ಪನ್ನು ತಿದ್ದದೆ ಬಿಟ್ಟಳು.

“ಯಾರೇ ಕೇಳಿದ್ರೂ ಹೀಗೇ ಹೇಳ್ಲಾ?”

“ಯಾರೇ ಆಗ್ಲಿ. ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳು.”

“ಬೈಯಲ್ವಾ?”

“ಬೈದ್ರೆ ನಾನಿದ್ದೀನಲ್ಲ.”

“ಆಣೆ?”

“ಆಣೆ.”

ಬೆಳಿಗ್ಗೆ ಅವಳು ಎಂದಿಗಿಂತ ಬೇಗ ಎದ್ದಳು. ಇಂದು ತಾನೇ ಕೆಳಗಿಳಿದು ವ್ಯಾನಿನ ಬಾಗಿಲಲ್ಲಿ ನಿಲ್ಲಬೇಕು. ಮಗಳು ಉತ್ತರ ಹೇಳುವಾಗ ಆ ಆಯಾಳ ಮುಖ ಹೇಗಾಗುತ್ತದೆಂದು ನೋಡಬೇಕು. ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಬಾರಿ ತಿದ್ದಿದಳು. ಸ್ಟ್ರೈಟ್ನರ್ ಬಿಸಿಯಾಗುತ್ತಿತ್ತು. ಹೊಸ ಬಾಚಣಿಗೆ, ಈ ತಿಂಗಳಲ್ಲಿ ಮೂರನೆಯದು. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತರಿಸಿದ ಕಡೆ ಕಾಣದಂತೆ ಪಿನ್ನು ಹಾಕಿದಳು. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಬಾಚಣಿಗೆ ಅರ್ಧಕ್ಕೇ ಸಿಕ್ಕಿಕೊಂಡಿತು. ಎಳೆದಳು. ಮಗಳ ತಲೆ ಹಿಂದಕ್ಕೆ ಜಗ್ಗಿತು.

“ಅಯ್ಯೋ, ಯಾರ ಥರ ಹುಟ್ಟಿದ್ಯೇ ನೀನು?” ಎಂದು ನಕ್ಕಳು, ಎಂದಿನಂತೆ.

ಸ್ಟೂಲಿನ ಮೇಲೆ ಮಗಳು ತಿರುಗಿದಳು. ಕಣ್ಣು ಕೆಂಪಗಿತ್ತು. ಆದರೆ ನೆಟ್ಟಗೆ ಅವಳ ಕಣ್ಣನ್ನೇ ನೋಡಿತು.

“ನಮ್ಮಮ್ಮನ ಥರ. ಏನೀಗ?”