ಟೇಡೆ ಬೆಟ್ಟದ ಕಥೆ ಕದ್ದವರು

“ಇದನ್ನ ಅವರಿಗೆ ಹೇಳಿಕೊಟ್ಟವಳು ನೀನೇ ಅಲ್ಲವಾ?”

ವಸಂತಿ ಫೋನನ್ನು ಅಂಕಿತಾಳ ಮೂಗಿನ ಹತ್ತಿರಕ್ಕೇ ಹಿಡಿದಳು. ತೆರೆಯ ಮೇಲೆ ಪ್ರತಿಸ್ಪರ್ಧಿ ಪ್ರವಾಸ ಸಂಘಟಕ ಅಶ್ವತ್ಥನಾರಾಯಣನ ಹೊಸ ಪ್ರವಾಸದ ಜಾಹೀರಾತು. ಸ್ಪೇನಿನ ಟೆನೆರಿಫ್ ದ್ವೀಪ, ಟೇಡೆ ಜ್ವಾಲಾಮುಖಿ, ಸೂರ್ಯಾಸ್ತ, ನಕ್ಷತ್ರ ವೀಕ್ಷಣೆ, ಎಲ್ಲವೂ ಕನ್ನಡದಲ್ಲಿ. ಕೆಳಗೆ ದಪ್ಪಕ್ಷರದ ಒಂದು ಸಾಲು: ‘ಸಂಜೆಯಾದರೆ ಈ ಬೆಟ್ಟದ ನೆರಳು ಕಡಲಿಗಿಳಿದು ಕಾಲು ತೊಳೆಯುತ್ತದೆ.’

ಆ ಸಾಲು ವಸಂತಿಯದು. ಯಾವ ಪುಸ್ತಕದಲ್ಲೂ ಇಲ್ಲ, ದ್ವೀಪದ ಸ್ಪ್ಯಾನಿಷ್ ಗೈಡುಗಳ ಬಾಯಲ್ಲೂ ಇಲ್ಲ. ಲಂಡನ್ನಿನ ಕನ್ನಡದವರನ್ನು ವಿಮಾನ ಹತ್ತಿಸಿ, ಆ ಬೆಟ್ಟದ ಚಳಿಯಲ್ಲಿ ನಿಲ್ಲಿಸಿ, ಬಿಸಿ ಕಷಾಯ ಕೊಟ್ಟು, ಆಕಾಶ ತೋರಿಸಿ ಕರೆತರುವುದು ಅವಳ ಉದ್ಯೋಗ. ವಿಮಾನ, ಬಸ್ಸು, ಹೋಟೆಲನ್ನು ಯಾರು ಬೇಕಾದರೂ ಬುಕ್ ಮಾಡಬಹುದು. ಜನ ಅವಳ ಹಿಂದೆ ಬರುತ್ತಿದ್ದದ್ದು ಕಥೆಗಾಗಿ. ಆ ಕಥೆಯೇ ಹೋದರೆ ಅವಳ ಕೈಯಲ್ಲಿ ಉಳಿಯುವುದು ಬರೀ ಕಷಾಯದ ಫ್ಲಾಸ್ಕು.

“ಅಕ್ಕಾರ, ಹಂಗ್ಯಾಕ ಅಂತೀರಿ? ನಾ ಯಾಕ ಹೇಳ್ಲಿ?” ಅಂಕಿತಾಳ ಕಣ್ಣು ತುಂಬಿತು. ಧಾರವಾಡದ ಈ ಹುಡುಗಿಯನ್ನು ಸಹಾಯಕ್ಕೆಂದು ಇಟ್ಟುಕೊಂಡ ವಸಂತಿ, ತಂಗಿಯಂತೆ ನೋಡಿಕೊಂಡಿದ್ದಳು. ಸಿಟ್ಟು ಅದಕ್ಕೇ ಜಾಸ್ತಿ.

“ಪ್ರತಿ ಪ್ರವಾಸದಲ್ಲೂ ನನ್ನ ಪಕ್ಕದ ಸೀಟಿನಲ್ಲಿ ಕೂತವಳು ಇನ್ಯಾರು?”

“ಬಸ್ಸಿನಾಗ ಹೇಳಿದ್ದು ಎಲ್ಲಾರೂ ಕೇಳ್ಯಾರ್ರಿ.”

“ಎಲ್ಲರೂ ಒಂದು ಸಲ ಕೇಳಿದ್ದಾರೆ. ನೀನು ಬಾಯಿಪಾಠ ಆಗುವಷ್ಟು ಕೇಳಿದೀಯ.”

ಲಂಡನ್ನಿನ ಹೇಸ್‌ನ ಆ ಬಾಡಿಗೆ ಮನೆಯ ಮುಂದಿನ ಕೋಣೆಯೇ ಆಫೀಸು. ಅಂಕಿತಾ ಅದರ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಸಂಜೆ ವಸಂತಿ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಅಂಕಿತಾಳನ್ನು ಕಳ್ಳಿ ಎಂದೇ ಬರೆದಳು. ಗಂಡ ಶೀನಪ್ಪ ಪಕ್ಕದಲ್ಲಿ ಕೂತು ಎರಡು ಪದ ತಿದ್ದಿಕೊಟ್ಟ. ಆಮೇಲೆ, “ಹೋದ್ರೆ ಹೋಯ್ಲಿ ಬಿಡ್, ಮಾರಾಯ್ತಿ. ಈ ಸಲ ಬೆಟ್ಟದ್ ಮೇಲ್ ಎಂತೆಲ್ಲಾ ಆಯ್ತ್, ಹೇಳ್ ಕಾಂಬ,” ಎಂದ.

ಶೀನಪ್ಪ ಟೇಡೆ ಕಂಡವನಲ್ಲ. ಬೆಟ್ಟದ ತಿರುವೆಂದರೆ ಅವನಿಗೆ ವಾಂತಿ. ಹಾಗಾಗಿ ಅವಳು ಹಿಂದಿರುಗಿದಾಗಲೆಲ್ಲ ಅಡುಗೆಮನೆಯಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿಸಿಕೊಳ್ಳುತ್ತಿದ್ದ. ಅದೂ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು! ಈ ಕಾಲದಲ್ಲಿ ಫೋನು ಬಿಟ್ಟು ಹೆಂಡತಿಯ ಮಾತು ಕೇಳುವ ಗಂಡ ಯಾರಿಗುಂಟು ಎಂದು ವಸಂತಿ ಗೆಳತಿಯರ ಮುಂದೆ ಜಂಬ ಕೊಚ್ಚಿದ್ದಳು. ಗೋದಾಮಿನ ಕೆಲಸ ಹೋಗಿ ಮುಖ ಸಣ್ಣದು ಮಾಡಿಕೊಂಡಿದ್ದವನು ಎಜ್‌ವೇರ್‌ನಲ್ಲಿ ಏನೋ ಆಫೀಸು ಕೆಲಸ ಸಿಕ್ಕಿದ ಮೇಲೆ ಚೇತರಿಸಿಕೊಂಡಿದ್ದ. ಅದೂ ಅವಳಿಗೆ ಸಮಾಧಾನವೇ.

ಅವನಿಗೆ ಹೇಳುವುದರಲ್ಲಿ ಇನ್ನೊಂದು ಸುಖವಿತ್ತು. ಬಸ್ಸಿನಲ್ಲಿ ಅವಳದು ಇಸ್ತ್ರಿ ಮಾಡಿದ ಕನ್ನಡ. ಬೆಳಗಾವಿಯವರಿಗೂ ಕಲಬುರಗಿಯವರಿಗೂ ಬೆಂಗಳೂರಿನವರಿಗೂ ತಿಳಿಯಬೇಕಲ್ಲ! ಮೊದಲ ಪ್ರವಾಸದಲ್ಲಿ ಕುಂದಾಪುರದ ಒಂದು ಮಾತು ಬಾಯಿತಪ್ಪಿ ಬಂದು ಯಾರೋ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ಊರಿನ ಮಾತು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅಂಕಿತಾ ಎಷ್ಟೋ ಸಲ, “ಮನ್ಯಾಗ ಹ್ಯಾಂಗ ಮಾತಾಡ್ತೀರಿ, ಒಮ್ಮೆ ಕೇಳಸ್ರಿ,” ಎಂದು ಪೀಡಿಸಿದರೂ ವಸಂತಿ ನಕ್ಕು ಜಾರಿಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಸ್ಟ್ರಾಟ್‌ಫರ್ಡ್‌ನ ಒಂದು ಹಾಲ್‌ನಲ್ಲಿ ಅಶ್ವತ್ಥನಾರಾಯಣನ ಹೊಸ ಪ್ರವಾಸದ ಉದ್ಘಾಟನೆ.

“ಅಲ್ಲಿಗ್ ಹೋಪ್ದ್ ಎಂತಕ್ಕೆ? ಸುಮ್ನೆ ಹೊಟ್ಟೆ ಉರ್ಸ್ಕಂಬುಕಾ?” ಎಂದ ಶೀನಪ್ಪ, ರಜೆಯ ದಿನವೂ ಆಫೀಸಿದೆಯೆಂದು ಹೊರಟ.

ವಸಂತಿ ಹೋಗಿಯೇ ಹೋದಳು. ಅಂಕಿತಾ ಅಲ್ಲಿ ಹಲ್ಲು ಕಿರಿಯುತ್ತ ನಿಂತಿರುತ್ತಾಳೆ, ನಾಲ್ಕು ಜನರೆದುರೇ ಮಾನ ಕಳೆಯಬೇಕು ಎಂದುಕೊಂಡಿದ್ದಳು. ಹಾಲ್‌ನಲ್ಲಿ ಅಂಕಿತಾಳ ಸುಳಿವಿಲ್ಲ. ಎದುರು ಬಂದವನು ಅಶ್ವತ್ಥನಾರಾಯಣ.

“ಬನ್ನಿ ಬನ್ನಿ ವಸಂತಿಯವರೇ! ಎಜ್‌ವೇರ್ ಆಫೀಸಿಂದ ಬರೋಷ್ಟರಲ್ಲಿ ಟ್ಯೂಬ್ ರೈಲು ಕೈಕೊಡ್ತು, ಈಗಷ್ಟೇ ಬಂದೆ. ನೀವೇ ಬಂದಿದ್ದು ನಿಮ್ಮ ದೊಡ್ಡ ಮನಸ್ಸು. ನೀವಿಲ್ಲದೆ ಇದು ಆಗ್ತಾನೇ ಇರಲಿಲ್ಲ.”

ಕದ್ದದ್ದಲ್ಲದೆ ಕುಹಕ ಬೇರೆ! ವಸಂತಿಯ ಮೈಯೆಲ್ಲ ಉರಿಯಿತು. “ನಿಮ್ಮ ಗೈಡ್ ಅಂಕಿತಾ ಎಲ್ಲಿ?”

“ಅಂಕಿತಾ? ಯಾರದು?” ಅವನು ನಿಜಕ್ಕೂ ತಬ್ಬಿಬ್ಬಾದಂತೆ ಕಂಡ. “ನಮ್ಮಲ್ಲಿ ಗೈಡೇ ಇಲ್ಲಮ್ಮ. ಇಯರ್‌ಫೋನ್ ಹಾಕ್ಕೊಂಡ್ರೆ ಸಾಕು, ಬಸ್ಸು ಯಾವ ತಿರುವಿಗೆ ಬಂತೋ ಅಲ್ಲಿಯ ಕಥೆ ಕಿವಿಗೆ ಬರುತ್ತೆ.”

“ಯಾರದೋ ಬಾಯಿಂದ ಕದ್ದ ಕಥೆ.”

“ಕದ್ದಿದ್ದಾ?” ಅವನ ನಗು ಮಾಸಿತು. “ಒಪ್ಪಿಗೆ ಇಲ್ಲದೆ ಒಂದಕ್ಷರ ಮುಟ್ಟಿಲ್ಲ ನಾವು. ಕೇಳಿ ನೋಡಿ. ಬೆಟ್ಟದ ತುದಿಯಲ್ಲಿ ಕತ್ತಲಾದಾಗ ಬರೋ ಭಾಗ ಇದು. ಜನ ಮನಸೋತು ಹೋಗಿದ್ದಾರೆ.”

ವಸಂತಿ ಇಯರ್‌ಫೋನನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಕಿವಿಗೆ ಇಟ್ಟುಕೊಂಡಳು. ಅಂಕಿತಾಳ ದನಿಯನ್ನು ಮೊದಲ ಪದಕ್ಕೇ ಹಿಡಿಯುತ್ತೇನೆಂಬ ಹಟ ಅವಳದು.

“ಹ್ವಾಯ್, ಮೇಲ್ ಕಾಣಿ! ಎಷ್ಟ್ ನಕ್ಷತ್ರ ಕಾಣಿ!”

ದನಿ ವಸಂತಿಯದೇ. ಹಿಂದೆ ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು.